ಹಾಡದೇ ಇರುವಾಗ ಹಾಡುಗಾರ ಏನು ಮಾಡುತ್ತಾನೆ?

ಪ್ರಶ್ನೆ: ನಾನು ಪುಣೆಯ ನಿಗಡಿಯಲ್ಲಿದ್ದೇನೆ, ಹಿಂಜವಡಿಯಲ್ಲಿ ಕೆಲಸ. ನಮ್ಮದು ಐದು ಜನರ ರಾಕ್ ಬ್ಯಾಂಡ್. ನಾನು ಬಾಸ್ ಗಿಟಾರ್ ನುಡಿಸುತ್ತೇನೆ. ಕನ್ನಡದಲ್ಲಿ ನಾಲ್ಕು ಸ್ವಂತ ಹಾಡು ಮಾಡಿದ್ದೇವೆ. ಲೀಡ್ ಸಿಂಗರ್ ಧಾರವಾಡದ ಹುಡುಗ. ಸ್ಟೇಜ್ ಮೇಲೆ ಚೆನ್ನಾಗಿ ಹಾಡುತ್ತಾನೆ (ಹಾಡುವ ಮುಂಚೆ ಚಪ್ಪಲಿ ಬಿಟ್ಟು ಬರುತ್ತಾನೆ, ಮೇಲಿನ ಸ್ವರಕ್ಕೆ ಹೋಗುವಾಗ ಎಡಗೈ ಕಿವಿಗೆ ಹೋಗುತ್ತದೆ, ಎಷ್ಟು ಹೇಳಿದರೂ ಆ ಚಟ ಬಿಡುವುದಿಲ್ಲ). ಹೋದ ತಿಂಗಳು ಮೊದಲ ವಿಡಿಯೊ ಮಾಡಿದೆವು. ಅವನಿಗೆ ಬಾಡಿಗೆ ಲೆದರ್ ಜಾಕೆಟ್, ಬೂಟು ಹಾಕಿಸಿದೆವು. ಈಗ ನೋಡಿದರೆ ಯಾರದೋ ನಕಲಿನ ಹಾಗಿದೆ. ಡ್ರಮ್ಮರ್ ಬೇರೆ ಮುನಿಸಿಕೊಂಡಿದ್ದಾನೆ, ನಾಲ್ಕು ನಿಮಿಷದಲ್ಲಿ ಅವನ ಮುಖ ಎರಡೇ ಸಲ ಕಾಣುತ್ತದೆ. ದೊಡ್ಡ ಬ್ಯಾಂಡಿನ ಹಾಡುಗಾರರು ವಿಡಿಯೊದಲ್ಲಿ ತಮ್ಮ ಇಮೇಜ್ ಹೇಗೆ ಕಟ್ಟಿಕೊಳ್ಳುತ್ತಾರೆ? ಇನ್ನೊಂದು ದಿನದ ಶೂಟಿಂಗ್‌ಗೆ ದುಡ್ಡಿದೆ.

ಉತ್ತರ:

ನಿಮ್ಮ ಪ್ರಶ್ನೆಗೆ ಉತ್ತರ ನೀವೇ ಬರೆದಿದ್ದೀರಿ, ಆದರೆ ಕಂಸದೊಳಗೆ ಮುಚ್ಚಿಟ್ಟಿದ್ದೀರಿ. ಆ ಚಪ್ಪಲಿ ಮತ್ತು ಎಡಗೈ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ.

ನಾನು ಮುಂಬೈಗೆ ಬಂದು ಅಂಧೇರಿಯ ಒಂದು ಎಡಿಟಿಂಗ್ ರೂಮಿನಲ್ಲಿ ಅಸಿಸ್ಟೆಂಟ್ ಆಗಿದ್ದ ಹೊಸತು. ಒಂದು ರಾಕ್ ಬ್ಯಾಂಡಿನ ವಿಡಿಯೊ ನನ್ನ ಕೈಗೆ ಬಂತು. ಹಾಡುಗಾರ ನೋಡಲು ಚೆನ್ನಾಗಿದ್ದ. ನಾನು ಏನು ಮಾಡಿದೆ ಅಂದರೆ, ಅವನ ಬಾಯಿ ಆಡುವ ಶಾಟ್‌ಗಳನ್ನೆಲ್ಲ ಇಟ್ಟುಕೊಂಡೆ, ಬಾಯಿ ಮುಚ್ಚಿದ ಕೂಡಲೇ ಕತ್ತರಿಸಿದೆ. ವಿಡಿಯೊ ಚುರುಕಾಗಿದೆ ಅಂತ ನನಗೆ ಹೆಮ್ಮೆ. ಮೊದಲ ಕಟ್ ನೋಡಲು ಆ ಹುಡುಗನ ತಾಯಿಯೂ ಬಂದಿದ್ದರು. ಎಲ್ಲ ನೋಡಿ ಒಂದೇ ಮಾತು ಕೇಳಿದರು: "ಇವನು ಉಸಿರೇ ಬಿಡಲ್ವಾ?"

ಆವತ್ತಿನಿಂದ ನಾನು ಯಾವ ಮ್ಯೂಸಿಕ್ ವಿಡಿಯೊ ನೋಡಿದರೂ ಮೊದಲು ನೋಡುವುದು ಇದನ್ನೇ. ಹಾಡುಗಾರ ಹಾಡದೇ ಇರುವ ಸೆಕೆಂಡುಗಳಲ್ಲಿ ಏನು ಮಾಡುತ್ತಾನೆ? ಬಾಯಿ ಆಡುವಾಗ ಎಲ್ಲರೂ ಸುಮಾರು ಒಂದೇ ಥರ ಕಾಣುತ್ತಾರೆ. ಹಾಡು ಶುರುವಾಗುವ ಮುಂಚೆ, ಎರಡು ಸಾಲುಗಳ ನಡುವೆ, ಗಿಟಾರ್‌ನವನು ಸೋಲೊ ನುಡಿಸುವಾಗ, ಕೊನೆಯ ಸದ್ದು ಆರಿದ ಮೇಲೆ ಅವನು ಹೇಗಿರುತ್ತಾನೆ ಅನ್ನುವುದರಲ್ಲೇ ಮನುಷ್ಯ ಕಾಣುವುದು. ಇಮೇಜ್ ಅಂತ ನೀವು ಕರೆಯುವುದು ಬಹುಪಾಲು ಅಲ್ಲಿಯೇ ತಯಾರಾಗುತ್ತದೆ.

ಉದಾಹರಣೆಗೆ ರೇಡಿಯೊಹೆಡ್ ಬ್ಯಾಂಡಿನ 'ನೋ ಸರ್‌ಪ್ರೈಸಸ್' ವಿಡಿಯೊ ನೋಡಿ, 1998ರದು. ಇಡೀ ವಿಡಿಯೊ ಒಂದೇ ಶಾಟ್. ಹಾಡುಗಾರ ಥಾಮ್ ಯಾರ್ಕ್ ತಲೆ ಒಂದು ಗಾಜಿನ ಹೆಲ್ಮೆಟ್ಟಿನೊಳಗಿದೆ. ಹಾಡುತ್ತಾ ಹೋದಂತೆ ಒಳಗೆ ನೀರು ಏರುತ್ತದೆ. ಬಾಯಿ ಮುಳುಗುತ್ತದೆ, ಮೂಗು ಮುಳುಗುತ್ತದೆ, ಹಾಡು ನಿಲ್ಲುತ್ತದೆ. ಆಮೇಲೆ ಅವನು ನೀರಿನೊಳಗೆ ಸುಮ್ಮನೆ ಇರುತ್ತಾನೆ. ನೋಡುವವರಿಗೆ ತಮ್ಮ ಉಸಿರೇ ಕಟ್ಟುತ್ತದೆ. ನೀರು ಇಳಿದ ಮೇಲೆ ಉಸಿರೆಳೆದು ಮತ್ತೆ ಹಾಡು. ಜಾಕೆಟ್ ಇಲ್ಲ, ಹಾರುವ ಕೂದಲಿಲ್ಲ, ಗಿಟಾರ್ ಕೂಡ ಕಾಣುವುದಿಲ್ಲ. ಆದರೂ ಆ ಮನುಷ್ಯ ಎಂಥವನು ಅನ್ನುವುದು ಆ ಮೌನದಲ್ಲಿ ಗೊತ್ತಾಗಿಬಿಡುತ್ತದೆ. ಜಗತ್ತು ಕತ್ತಿನ ತನಕ ಬಂದರೂ ಶಿಸ್ತಾಗಿ ಕೂತುಕೊಳ್ಳುವವನು.

ಇದರಲ್ಲಿ ಒಂದು ಕೈಚಳಕವಿದೆ, ನಿಮಗೂ ಉಪಯೋಗಕ್ಕೆ ಬರುತ್ತದೆ. ಅವನು ನಿಜವಾಗಿ ಅಷ್ಟು ಹೊತ್ತು ನೀರಿನಲ್ಲಿ ಇರಲಿಲ್ಲ. ಆ ಭಾಗವನ್ನು ಹಾಡಿನ ವೇಗ ಹೆಚ್ಚಿಸಿ ಶೂಟ್ ಮಾಡಿ, ಆಮೇಲೆ ನಿಧಾನ ಮಾಡಿದ್ದರು. ಕೋಲ್ಡ್‌ಪ್ಲೇ ಬ್ಯಾಂಡಿನ 'ಯೆಲ್ಲೊ' ವಿಡಿಯೊದಲ್ಲೂ ಇದೇ ಉಪಾಯ. ಇಂಗ್ಲೆಂಡಿನ ಸ್ಟಡ್‌ಲ್ಯಾಂಡ್ ಬೇ ಅನ್ನುವ ಕಡಲತೀರದಲ್ಲಿ ಹಾಡುಗಾರ ಕ್ರಿಸ್ ಮಾರ್ಟಿನ್ ಒಬ್ಬನೇ ನೆನೆದ ರೇನ್‌ಕೋಟಿನಲ್ಲಿ ನಡೆದು ಬರುತ್ತಾನೆ. ಅಷ್ಟೇ ವಿಡಿಯೊ. ಬೇರೆಯವರು ಯಾಕಿಲ್ಲ ಗೊತ್ತಾ? ಆವತ್ತೇ ಡ್ರಮ್ಮರ್‌ನ ತಾಯಿಯ ಅಂತ್ಯಕ್ರಿಯೆ ಇತ್ತು. ಹವೆಯೂ ಕೈಕೊಟ್ಟಿತ್ತು. ಹಾಕಿದ್ದ ಪ್ಲಾನ್ ಬಿಟ್ಟು ಒಬ್ಬನನ್ನೇ ನಡೆಸಿದರು. ಹಾಡನ್ನು ದುಪ್ಪಟ್ಟು ವೇಗದಲ್ಲಿ ಹಾಕಿ, ಅವನು ಅಷ್ಟೇ ಬೇಗ ಬೇಗ ಹಾಡಿ, ಸೆಕೆಂಡಿಗೆ 50 ಫ್ರೇಮ್‌ನಲ್ಲಿ ತೆಗೆದು, 25ರಲ್ಲಿ ತೋರಿಸಿದರು. ತುಟಿ ಹಾಡಿಗೆ ಸರಿಯಾಗಿ ಕೂರುತ್ತದೆ, ಆದರೆ ಕೂದಲು, ಬಟ್ಟೆ, ಅಲೆ, ನಡಿಗೆ ಎಲ್ಲ ಕನಸಿನ ಹಾಗೆ ತೇಲುತ್ತದೆ. ಈಗಿನ ಫೋನಿನಲ್ಲೂ ಇದು ಆಗುತ್ತದೆ. ಹಾಡಿನ ಫೈಲನ್ನು ದುಪ್ಪಟ್ಟು ವೇಗಕ್ಕೆ ಮಾಡಿಟ್ಟುಕೊಂಡು ಸ್ಪೀಕರಿನಲ್ಲಿ ಹಾಕಿದರೆ ಸಾಕು. ಹುಡುಗ ಮನೆಯಲ್ಲಿ ಎರಡು ದಿನ ಆ ವೇಗದಲ್ಲಿ ಹಾಡಿ ಅಭ್ಯಾಸ ಮಾಡಲಿ. ಇಲ್ಲದಿದ್ದರೆ ಸ್ಥಳದಲ್ಲಿ ನಗು ತಡೆಯಲಾರದೆ ಅರ್ಧ ದಿನ ಹೋಗುತ್ತದೆ.

ಈಗ ಕಣ್ಣಿನ ವಿಷಯ. ವಿಡಿಯೊದಲ್ಲಿ ಹಾಡುಗಾರನಿಗೆ ಇರುವ ದೊಡ್ಡ ಆಯ್ಕೆ ಬಟ್ಟೆಯದಲ್ಲ, ನೋಟದ್ದು. ಲೆನ್ಸ್ ಒಳಗೇ ನೋಡಿದರೆ ಅವನು ನಿಮ್ಮ ಹತ್ತಿರ ಮಾತಾಡುತ್ತಿದ್ದಾನೆ. ಲೆನ್ಸ್ ಪಕ್ಕಕ್ಕೆ ನೋಡಿದರೆ ಅವನ ಲೋಕದಲ್ಲಿ ಅವನಿದ್ದಾನೆ, ನಾವು ಇಣುಕುತ್ತಿದ್ದೇವೆ. ಮುಖವನ್ನೇ ಮುಚ್ಚಿಕೊಂಡರೆ ನಮಗೆ ನೋಡುವ ಆಸೆ ಜಾಸ್ತಿ. ನಿರ್ವಾಣ ಬ್ಯಾಂಡಿನ ಹಾಡುಗಾರ ಕರ್ಟ್ ಕೊಬೇನ್ 1991ರ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್'ನಲ್ಲಿ ಈ ಮೂರನೆಯದನ್ನು ಮಾಡಿದ. ಶಾಲೆಯ ಜಿಮ್ ಥರದ ಸೆಟ್, ಹೊಗೆ, ಹಳದಿ ಬೆಳಕು, ಕೂದಲ ಹಿಂದೆ ಮುಖ. ಹೆಚ್ಚುಕಡಿಮೆ ಪೂರ್ತಿ ವಿಡಿಯೊ ಅವನು ಸರಿಯಾಗಿ ಸಿಗುವುದಿಲ್ಲ. ಕೊನೆಗೆ ಮಾತ್ರ ಮುಖ ತುಂಬಾ ಹತ್ತಿರಕ್ಕೆ ಬರುತ್ತದೆ. ಆ ಕ್ಲೋಸ್‌ಅಪ್ ಸೇರಿಸಬೇಕೆಂದು ಎಡಿಟಿಂಗ್‌ನಲ್ಲಿ ಹಟ ಹಿಡಿದವನು ಕೊಬೇನೇ. ತನಗೆ ಇಮೇಜ್ ಬೇಡ ಅನ್ನುವಂತೆ ಇದ್ದ ಮನುಷ್ಯನಿಗೆ, ಮುಖವನ್ನು ಯಾವಾಗ ತೋರಿಸಬೇಕು ಅನ್ನುವುದು ಪಕ್ಕಾ ಗೊತ್ತಿತ್ತು.

ಅದೇ 1991ರಲ್ಲಿ ಇನ್ನೊಂದು ವಿಡಿಯೊ ಬಂತು. ಆರ್.ಇ.ಎಂ. ಬ್ಯಾಂಡಿನ 'ಲೂಸಿಂಗ್ ಮೈ ರಿಲಿಜನ್'. ನಿರ್ದೇಶಕ ನಮ್ಮ ಜಲಂಧರದಲ್ಲಿ ಹುಟ್ಟಿದ ತರ್ಸೇಮ್ ಸಿಂಗ್. ಹಾಡುಗಾರ ಮೈಕಲ್ ಸ್ಟೈಪ್ ಅದಕ್ಕೂ ಮೊದಲು ವಿಡಿಯೊದಲ್ಲಿ ಲಿಪ್ ಸಿಂಕ್ ಮಾಡಲು, ಅಂದರೆ ರೆಕಾರ್ಡಾದ ಹಾಡಿಗೆ ತುಟಿ ಆಡಿಸಲು, ಒಪ್ಪುತ್ತಿರಲಿಲ್ಲ, ಅದೊಂದು ಸುಳ್ಳು ಅಂತ. ಇಲ್ಲಿ ಒಪ್ಪಿದ. ಆದರೆ ನೆನಪಿನಲ್ಲಿ ಉಳಿಯುವುದು ತುಟಿಯಲ್ಲ. ಮ್ಯಾಂಡೊಲಿನ್ ನುಡಿಯುವ ಕಡೆ ಅವನು ಕೈಕಾಲು ಬಿಸಾಡಿ, ಯಾರ ತಾಳಕ್ಕೂ ಸಿಗದ ಹಾಗೆ ಕುಣಿಯುತ್ತಾನಲ್ಲ, ಅದು. ನನ್ನ ಹೆಂಡತಿ ಅದನ್ನು ನೋಡಿ "ಮೈಮೇಲೆ ಬಂದ ಹಾಗಿದೆ" ಅಂದಿದ್ದಳು. ಇದಕ್ಕಿಂತ ಒಳ್ಳೆ ವಿಮರ್ಶೆ ನಾನು ಓದಿಲ್ಲ.

ಇಷ್ಟು ಹೇಳಿದ ಮೇಲೆ ಕ್ವೀನ್ ಬ್ಯಾಂಡಿನ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿಯನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ, ಅದರಲ್ಲೂ ಪುಣೆಯವರ ಹತ್ತಿರ. ನಿಮ್ಮಿಂದ ಸುಮಾರು ನೂರು ಕಿಲೊಮೀಟರ್ ದೂರದ ಪಂಚಗಣಿಯಲ್ಲಿ, ಸೇಂಟ್ ಪೀಟರ್ಸ್ ಬೋರ್ಡಿಂಗ್ ಶಾಲೆಯಲ್ಲಿ ಓದಿದ ಹುಡುಗ ಅವನು. ಹುಟ್ಟಿದ್ದು 1946ರಲ್ಲಿ ಜಾಂಜಿಬಾರಿನಲ್ಲಿ, ಪಾರ್ಸಿ ಮನೆ, ಹೆಸರು ಫರೂಖ್ ಬಲ್ಸಾರಾ. ಶಾಲೆಯಲ್ಲಿ 'ದ ಹೆಕ್ಟಿಕ್ಸ್' ಅಂತ ಹುಡುಗರ ಬ್ಯಾಂಡ್ ಇತ್ತು. ಅದರಲ್ಲಿ ಇವನು ಪಿಯಾನೊ, ಮುಂದೆ ನಿಂತು ಹಾಡುತ್ತಿದ್ದವನು ಬೇರೆ ಹುಡುಗ. ಈ ಒಂದು ವಿಷಯ ನನಗೆ ಬಹಳ ಇಷ್ಟ. ಹಿಂದೆ ಕೂತವನು ಮುಂದೆ ಬರಲು ಹೇಗೆ ಕಲಿತ ಅನ್ನುವುದೇ ಅವನ ವಿಡಿಯೊಗಳ ಕಥೆ.

1975ರಲ್ಲಿ ಕ್ವೀನ್ ಬ್ಯಾಂಡಿನ 'ಬೊಹೀಮಿಯನ್ ರ‍್ಯಾಪ್ಸಡಿ' ಬಂದಾಗ ಅವರಿಗೆ ಒಂದು ತಾಪತ್ರಯ ಇತ್ತು. ಟೂರಿನ ತಯಾರಿಯಲ್ಲಿದ್ದರು, ಟಿವಿ ಕಾರ್ಯಕ್ರಮಕ್ಕೆ ಹೋಗಲು ಪುರುಸೊತ್ತಿಲ್ಲ. ಹೋದರೂ ಅಷ್ಟೊಂದು ದನಿಗಳ ಹಾಡಿಗೆ ಸ್ಟುಡಿಯೊದಲ್ಲಿ ಬಾಯಿ ಆಡಿಸಿದರೆ ನಗೆಪಾಟಲು. ಅದಕ್ಕೆ ರಿಹರ್ಸಲ್ ನಡೆಯುತ್ತಿದ್ದ ಎಲ್‌ಸ್ಟ್ರೀ ಸ್ಟುಡಿಯೊದಲ್ಲೇ ಬ್ರೂಸ್ ಗವರ್ಸ್ ನಿರ್ದೇಶನದಲ್ಲಿ ಸುಮಾರು ನಾಲ್ಕು ಗಂಟೆಯಲ್ಲಿ ಶೂಟ್ ಮುಗಿಸಿದರು. ಆ ಕತ್ತಲೆಯ ಹಿನ್ನೆಲೆ, ಮೇಲಿನಿಂದ ಬೀಳುವ ಬೆಳಕು, ನಾಲ್ಕು ಮುಖ, ಎದೆಯ ಮೇಲೆ ಅಡ್ಡ ಇಟ್ಟ ಕೈ ನಿಮಗೆ ನೆನಪಿರುತ್ತದೆ. ಅದು ಅವರದೇ ಒಂದು ವರ್ಷ ಹಿಂದಿನ ಆಲ್ಬಮ್ಮಿನ ರಕ್ಷಾಪುಟದ ಫೋಟೊ. ತೆಗೆದವನು ಮಿಕ್ ರಾಕ್. ಆ ಫೋಟೊದ ಮೂಲ 1932ರ 'ಶಾಂಘೈ ಎಕ್ಸ್‌ಪ್ರೆಸ್' ಸಿನಿಮಾದ ಕಾಲದ, ಮಾರ್ಲೀನ್ ಡೀಟ್ರಿಕ್ ಅವರ ಒಂದು ಚಿತ್ರ. ಅಂದರೆ ಫ್ರೆಡ್ಡಿಯ ಮೊದಲ ದೊಡ್ಡ ಇಮೇಜ್ ಒಬ್ಬ ಹಳೇ ಸಿನಿಮಾ ನಟಿಯ ಭಂಗಿ! ಎರವಲು ತಪ್ಪಲ್ಲ, ನೋಡಿ. ನಿಮ್ಮ ಹುಡುಗನ ಜಾಕೆಟ್ಟೂ ಎರವಲೇ. ವ್ಯತ್ಯಾಸ ಏನೆಂದರೆ, ಆ ನಟಿಯಲ್ಲಿದ್ದ ಬೆಡಗು ಫ್ರೆಡ್ಡಿಯಲ್ಲಿ ಮೊದಲೇ ಇತ್ತು. ಭಂಗಿ ಹೊರಗಿನಿಂದ ಬಂದು ಒಳಗಿನದಕ್ಕೆ ಅಂಟಿಕೊಂಡಿತು.

1984ರ 'ಐ ವಾಂಟ್ ಟು ಬ್ರೇಕ್ ಫ್ರೀ' ನನಗೆ ಇದಕ್ಕಿಂತಲೂ ಇಷ್ಟ. ದಪ್ಪ ಮೀಸೆ ಬಿಟ್ಟುಕೊಂಡೇ ಸ್ಕರ್ಟ್ ಹಾಕಿ, ವ್ಯಾಕ್ಯೂಮ್ ಕ್ಲೀನರ್ ಹಿಡಿದು ಮನೆ ಗುಡಿಸುತ್ತಾನೆ. ನಾಲ್ವರೂ ಹೆಂಗಸರ ವೇಷ. ಬ್ರಿಟನ್ನಿನಲ್ಲಿ ಜನ ನಕ್ಕರು, ಅಲ್ಲಿನ ಹಳೇ ಧಾರಾವಾಹಿಯೊಂದರ ಅಣಕ ಅಂತ ಅವರಿಗೆ ಗೊತ್ತಿತ್ತು. ಅಮೆರಿಕದವರಿಗೆ ತಮಾಷೆ ಅರ್ಥವಾಗಲಿಲ್ಲ, ಅಲ್ಲಿ ಬ್ಯಾಂಡಿಗೆ ಪೆಟ್ಟು ಬಿತ್ತು. ನಮ್ಮ ಯಕ್ಷಗಾನ, ಕಂಪನಿ ನಾಟಕ ನೋಡಿ ಬೆಳೆದವರಿಗೆ ಗಂಡಸಿನ ಸ್ತ್ರೀವೇಷದಲ್ಲಿ ಗಾಬರಿಯಾಗುವಂಥದ್ದು ಏನಿದೆ ಅಂತ ನನಗೆ ಇವತ್ತಿಗೂ ಅರ್ಥವಾಗುವುದಿಲ್ಲ. ಅದೇನೇ ಇರಲಿ, ಮೀಸೆ ಬೋಳಿಸದೇ ಇದ್ದದ್ದೇ ಅಲ್ಲಿನ ಜಾಣತನ. ವೇಷ ಹಾಕಿದ್ದೇನೆ, ಒಳಗಿರುವವನು ನಾನೇ ಅಂತ ಹೇಳಿದ ಹಾಗೆ.

ಅವನ ಕೊನೆಯ ವಿಡಿಯೊ 1991ರ ಮೇ ತಿಂಗಳಲ್ಲಿ ತೆಗೆದದ್ದು. ಕಪ್ಪು ಬಿಳುಪು. ಮೈ ಇಳಿದುಹೋಗಿದೆ. ಓಡಾಟವಿಲ್ಲ, ನಿಂತ ಕಡೆಯೇ ನಿಂತು ಕೈ ಬೆರಳಷ್ಟೇ ಆಡಿಸುತ್ತಾನೆ. ಕೊನೆಯಲ್ಲಿ ಲೆನ್ಸನ್ನು ನೇರ ನೋಡಿ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಮೆಲ್ಲಗೆ ಮುಗಿಸಿ ಫ್ರೇಮಿನಿಂದ ಹೊರಟುಬಿಡುತ್ತಾನೆ. ಆ ನವೆಂಬರ್ 24ರಂದು ತೀರಿಕೊಂಡ. ಇದನ್ನು ನಾನು ವಿದ್ಯಾರ್ಥಿಗಳಿಗೆ ತೋರಿಸುವಾಗ ಸೌಂಡ್ ಆಫ್ ಮಾಡಿ ತೋರಿಸುತ್ತೇನೆ.

ಬಟ್ಟೆ ಲೆಕ್ಕಕ್ಕೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಯು2 ಬ್ಯಾಂಡಿನ ಬೋನೊ 1983ರಲ್ಲಿ ಅಮೆರಿಕದ ರೆಡ್ ರಾಕ್ಸ್ ಬಯಲು ರಂಗದಲ್ಲಿ, ಮಳೆ ಮಂಜಿನ ನಡುವೆ, ಬಿಳಿ ಬಾವುಟ ಹಿಡಿದು ಹಾಡಿದ್ದು ಅವನನ್ನು ಗಂಭೀರ ಮನುಷ್ಯನನ್ನಾಗಿ ಮಾಡಿತು. ಆಮೇಲಾಮೇಲೆ ಆ ಗಂಭೀರತೆಯೇ ಜನಕ್ಕೆ ಬೋರ್ ಹೊಡೆಸತೊಡಗಿತು. 1991ರಲ್ಲಿ ಅವನು ಕಪ್ಪು ಲೆದರ್, ನೊಣದ ಕಣ್ಣಿನಂಥ ಕನ್ನಡಕ ಹಾಕಿ 'ದ ಫ್ಲೈ' ಅನ್ನುವ ಪಾತ್ರವಾಗಿ ಬಂದ. ಅದು ಹಾಡುಗಾರ ತನ್ನ ಹಳೆಯ ಇಮೇಜನ್ನು ತಾನೇ ಗೇಲಿ ಮಾಡಿದ್ದು. ಎಂಟು ವರ್ಷ ಬಾವುಟ ಹಿಡಿದವನು ಹಾಕಿದ ಲೆದರ್‌ಗೆ ಅರ್ಥವಿದೆ. ಮೊದಲ ವಿಡಿಯೊದಲ್ಲೇ ಹಾಕಿದ ಲೆದರ್ ಬರೀ ಸೆಕೆ. ಅದೂ ಪುಣೆಯ ಏಪ್ರಿಲ್‌ನಲ್ಲಾದರೆ ಕೇಳುವುದೇ ಬೇಡ.

ನಮ್ಮಲ್ಲೂ ಇದನ್ನು ಸರಿಯಾಗಿ ಹಿಡಿದವರಿದ್ದಾರೆ. ಮುಂಬೈನ ರಂಗಭವನದ ಬಯಲಿನಲ್ಲಿ ರಾಕ್ ಕಾರ್ಯಕ್ರಮ ತುಂಬಿ ತುಳುಕುತ್ತಿದ್ದ ಕಾಲದಲ್ಲಿ ಉದಯ್ ಬೆನೆಗಲ್ ಹಾಡುತ್ತಿದ್ದ ಬ್ಯಾಂಡಿನ ಹೆಸರು 'ರಾಕ್ ಮೆಷಿನ್'. ಹೆಸರು ಕೇಳಿದರೇ ಹೊರದೇಶದ ಬ್ಯಾಂಡ್ ಅನ್ನಿಸುತ್ತದೆ. ಸಂಗೀತ ಬದಲಾಗುತ್ತಾ ಬಂದ ಹಾಗೆ 1993ರಲ್ಲಿ ಹೆಸರನ್ನೇ 'ಇಂಡಸ್ ಕ್ರೀಡ್' ಅಂತ ಬದಲಿಸಿಕೊಂಡರು. ಇನ್ನು ರಘು ದೀಕ್ಷಿತ್ ಅವರ ಬಗ್ಗೆ ಕನ್ನಡದವರಿಗೆ ನಾನು ಹೇಳಬೇಕಾಗಿಲ್ಲ. ಲುಂಗಿ, ಕಾಲಿಗೆ ಗೆಜ್ಜೆ. ಯಾರೋ ಸ್ಟೈಲಿಸ್ಟ್ ಕೂತು ಯೋಚಿಸಿದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಅವರು ಭರತನಾಟ್ಯ ಕಲಿತವರು. ಗೆಜ್ಜೆ ಕಾಲಿಗೆ ಹೊಸದಲ್ಲ. ಅವರ ಮೊದಲ ಆಲ್ಬಮ್ 2008ರಲ್ಲಿ ಹೊರತಂದದ್ದು ಮುಂಬೈನ ವಿಶಾಲ್–ಶೇಖರ್ ಜೋಡಿ. ಇವರಲ್ಲಿ ವಿಶಾಲ್ ದದ್ಲಾನಿ ಸ್ವತಃ ಪೆಂಟಗ್ರಾಮ್ ಎಂಬ ರಾಕ್ ಬ್ಯಾಂಡಿನ ಹಾಡುಗಾರ.

ಜಾಗದ ಬಗ್ಗೆ ಒಂದು ಎಚ್ಚರಿಕೆ. ಕೋಲ್ಡ್‌ಪ್ಲೇ 2016ರಲ್ಲಿ ಬಿಡುಗಡೆ ಮಾಡಿದ 'ಹಿಮ್ ಫಾರ್ ದ ವೀಕೆಂಡ್' ವಿಡಿಯೊವನ್ನು ಮುಂಬೈಯಲ್ಲಿ, ವರ್ಲಿ ಕೋಳಿವಾಡದ ಕಡೆಯೆಲ್ಲ ತೆಗೆದರು. ಹೋಳಿ ಬಣ್ಣ, ಸಾಧುಗಳು, ಟ್ಯಾಕ್ಸಿ, ಓಡುವ ಮಕ್ಕಳು. ನೋಡಲು ಕಣ್ಣಿಗೆ ಹಬ್ಬ. ಆದರೆ ಮುಂಬೈ ಅಂದರೆ ಇಷ್ಟೇನಾ ಅಂತ ಬಹಳ ಟೀಕೆ ಬಂತು. ನನ್ನ ಅಭಿಪ್ರಾಯವೂ ಅದೇ. ಅಲ್ಲಿ ಊರು ಹಾಡುಗಾರನ ಬೆನ್ನ ಹಿಂದಿನ ಬಣ್ಣದ ಪರದೆಯಾಗಿದೆ. ನೀವೂ ಶನಿವಾರವಾಡ, ಸಿಂಹಗಡ ಅಂತ ಓಡಬೇಡಿ. ನಿಮ್ಮ ಹುಡುಗನಿಗೆ ಆ ಜಾಗದ ಜೊತೆ ಏನು ಸಂಬಂಧ? ನೀವು ಪ್ರತಿ ವಾರ ಪ್ರಾಕ್ಟೀಸ್ ಮಾಡುವ ರೂಮು ಇದೆಯಲ್ಲ, ಅಥವಾ ಅವನು ಬಸ್ಸಿಗೆ ಕಾಯುವ ಜಾಗ, ಊಟಕ್ಕೆ ಹೋಗುವ ಮೆಸ್ಸು, ಅವುಗಳಲ್ಲಿ ಒಂದು ಸಾಕು.

ಅಗ್ಗದಲ್ಲಿ ಮಾಡಿದ ಒಳ್ಳೆಯ ವಿಡಿಯೊ ಬೇಕೆಂದರೆ ಎಸಿ/ಡಿಸಿ ಬ್ಯಾಂಡ್ 1976ರಲ್ಲಿ ಮೆಲ್ಬರ್ನಿನಲ್ಲಿ ಮಾಡಿದ್ದನ್ನು ನೋಡಿ. ಒಂದು ತೆರೆದ ಲಾರಿ, ಅದರ ಮೇಲೆ ಬ್ಯಾಂಡು, ಲಾರಿ ಪೇಟೆ ಬೀದಿಯಲ್ಲಿ ಮೆಲ್ಲಗೆ ಹೋಗುತ್ತದೆ. ಜನ ತಿರುಗಿ ನೋಡುತ್ತಾರೆ. ಹಾಡುಗಾರ ಬಾನ್ ಸ್ಕಾಟ್, ಹಾಡು ನಿಂತ ಕಡೆ ಬ್ಯಾಗ್‌ಪೈಪ್ ಬಗಲಿಗೆ ಸಿಕ್ಕಿಸಿಕೊಳ್ಳುತ್ತಾನೆ. ಅಷ್ಟೇ. ಗಣಪತಿ ವಿಸರ್ಜನೆಯಲ್ಲಿ ಲಕ್ಷ್ಮಿ ರೋಡಿನಲ್ಲಿ ಢೋಲ್ ತಾಶಾ ನೋಡಿದ ನಿಮಗೆ ಇದರ ಮಜಾ ಬಿಡಿಸಿ ಹೇಳಬೇಕಿಲ್ಲ. ಮತ್ತೆ ಗಮನಿಸಿ, ಹಾಡದೇ ಇರುವಾಗ ಅವನ ಕೈಗೆ ಒಂದು ಕೆಲಸವಿದೆ.

ಡ್ರಮ್ಮರ್ ಮುನಿಸು ಸಣ್ಣ ವಿಷಯ ಅಂದುಕೊಳ್ಳಬೇಡಿ. ಹಾಡುಗಾರನ ಇಮೇಜ್ ಬೆಳೆದ ಹಾಗೆಲ್ಲ ಬ್ಯಾಂಡಿನಲ್ಲಿ ಈ ಹೊಗೆ ಏಳುತ್ತದೆ. 1978ರ ಹೊತ್ತಿಗೆ ಬ್ಲಾಂಡಿ ಬ್ಯಾಂಡಿನ ಹಾಡುಗಾರ್ತಿ ಡೆಬಿ ಹ್ಯಾರಿ ಎಷ್ಟು ಹೆಸರಾಗಿದ್ದರೆಂದರೆ ಬ್ಲಾಂಡಿ ಅಂದರೆ ಅವರೇ ಅಂತ ಜನ ತಿಳಿದಿದ್ದರು. ಬ್ಲಾಂಡಿ ಒಂದು ಬ್ಯಾಂಡು, ಒಬ್ಬಳ ಹೆಸರಲ್ಲ ಅಂತ ಬ್ಯಾಡ್ಜ್ ಮಾಡಿಸಿ ಹಂಚಬೇಕಾಯಿತು. ನೋ ಡೌಟ್ ಬ್ಯಾಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜಗಳವನ್ನೇ ವಿಡಿಯೊ ಮಾಡಿತು. 1996ರ 'ಡೋಂಟ್ ಸ್ಪೀಕ್'ನಲ್ಲಿ ಫೋಟೊ ತೆಗೆಯುವವರೆಲ್ಲ ಹಾಡುಗಾರ್ತಿ ಗ್ವೆನ್ ಸ್ಟೆಫಾನಿಯನ್ನೇ ಮುಂದೆ ಕರೆಯುತ್ತಾರೆ, ಉಳಿದ ಮೂವರು ಮುಖ ಸಪ್ಪಗೆ ಮಾಡಿಕೊಂಡು ಪಕ್ಕಕ್ಕೆ ನಿಲ್ಲುತ್ತಾರೆ. ನಟನೆ ಅಲ್ಲ, ಅದು ನಿಜವಾಗಿ ನಡೆಯುತ್ತಿತ್ತು. ಇನ್ನೂ ತಮಾಷೆ ಅಂದರೆ ಆ ಹಾಡು ಹುಟ್ಟಿದ್ದು ಗ್ವೆನ್ ಮತ್ತು ಬಾಸ್ ನುಡಿಸುವ ಟೋನಿ ಕನಾಲ್ ಬೇರೆಯಾದ ಸಂಕಟದಲ್ಲಿ. ಟೋನಿ ಭಾರತೀಯ ಮೂಲದವನು. ಬಾಸ್‌ನವರ ಕಷ್ಟ ಯಾರಿಗೆ ಬೇಕು ಹೇಳಿ!

ನಾನು ಎಡಿಟಿಂಗ್‌ನಲ್ಲಿ ಇಟ್ಟುಕೊಂಡಿರುವ ಲೆಕ್ಕ ಸರಳ. ದನಿ ಇಲ್ಲದ ಕಡೆಯೆಲ್ಲ ಫ್ರೇಮು ಬೇರೆಯವರದು, ಆದರೆ ಆ ಫ್ರೇಮಿನಲ್ಲಿ ಹಾಡುಗಾರ ಹಿಂದೆ ಎಲ್ಲೋ ಇರಬೇಕು, ಕೇಳುತ್ತಾ. ಡ್ರಮ್ಮರ್ ಬಾರಿಸುವುದನ್ನು ತಲೆದೂಗಿ ಕೇಳುವ ಹಾಡುಗಾರ ಇದ್ದಾನಲ್ಲ, ಅವನ ಮೇಲೆ ಜನಕ್ಕೆ ಪ್ರೀತಿ ಜಾಸ್ತಿ. ಒಂದೇ ಶಾಟಿನಲ್ಲಿ ಡ್ರಮ್ಮರಿಗೂ ನ್ಯಾಯ, ಹಾಡುಗಾರನಿಗೂ ಇಮೇಜು.

ಈಗ ಕಂಸದೊಳಗಿನ ವಿಷಯಕ್ಕೆ ಬರೋಣ. ಚಪ್ಪಲಿ ಬಿಟ್ಟು ಹಾಡುವುದು, ಮೇಲಿನ ಸ್ವರಕ್ಕೆ ಕೈ ಕಿವಿಗೆ ಹೋಗುವುದು, ಇವೆರಡೂ ಅವನು ಧಾರವಾಡದಲ್ಲಿ ಎಲ್ಲೋ ಗುರುಗಳ ಮುಂದೆ ಕೂತು ಕಲಿತದ್ದಿರಬೇಕು, ಅಥವಾ ಅಂಥವರನ್ನು ನೋಡಿ ಬಂದದ್ದು. ಮಲ್ಲಿಕಾರ್ಜುನ ಮನ್ಸೂರರ ಊರಿನ ಹುಡುಗ ಡಿಸ್ಟಾರ್ಶನ್ ಗಿಟಾರಿನ ಮುಂದೆ ಬರಿಗಾಲಲ್ಲಿ ನಿಂತು ಕಿವಿಗೆ ಕೈ ಇಡುತ್ತಾನೆ. ಇಂಥದ್ದು ನೂರು ಬ್ಯಾಂಡ್ ಹುಡುಕಿದರೂ ನಿಮಗೆ ಬೇರೆಲ್ಲಿ ಸಿಗುತ್ತದೆ? ನೀವು ಅದನ್ನು ಚಟ ಅಂದಿರಿ. ಬೂಟು ಹಾಕಿಸಿ ಮುಚ್ಚಿದಿರಿ.

ಶೂಟಿಂಗ್ ದಿನ ಮೊದಲ ಶಾಟ್ ಪ್ರಾಕ್ಟೀಸ್ ರೂಮಿನ ಬಾಗಿಲಿಂದ ಶುರು ಮಾಡಿ. ನಾಲ್ಕು ಜೊತೆ ಶೂ, ಒಂದು ಜೊತೆ ಚಪ್ಪಲಿ ಅಂತೆಲ್ಲ ಜೋಡಿಸಿಟ್ಟು ಕಲಾತ್ಮಕ ಮಾಡಲು ಹೋಗಬೇಡಿ. ಅವನು ಬರಲಿ, ಬಿಡಲಿ, ಒಳಗೆ ಹೋಗಲಿ, ಕ್ಯಾಮೆರಾ ಸುಮ್ಮನೆ ನೋಡಲಿ. ಕಿವಿಗೆ ಕೈ ಹೋಗುವುದನ್ನು ವಿಡಿಯೊದಲ್ಲಿ ಎರಡು ಸಲ ಅಥವಾ ಮೂರು ಸಲ ತೋರಿಸಿದರೆ ಸಾಕು, ಹತ್ತು ಸಲ ತೋರಿಸಿದರೆ ಜಾಹೀರಾತು ಆಗುತ್ತದೆ. ಮುಖ್ಯವಾದ ಮಾತು: "ಈಗ ಕೈ ಎತ್ತು" ಅಂತ ಅವನಿಗೆ ಹೇಳಲೇಬೇಡಿ. ಹೇಳಿದ ಕ್ಷಣ ಅದು ಸತ್ತುಹೋಗುತ್ತದೆ. ಅವನು ನಿಜವಾಗಿ, ಗಂಟಲು ಬಿಟ್ಟು ಹಾಡಲಿ, ಬರೀ ತುಟಿ ಆಡಿಸುವುದು ಬೇಡ. ಸದ್ದು ಹೇಗೂ ಆಮೇಲೆ ಸ್ಟುಡಿಯೊದ್ದೇ ಹಾಕುತ್ತೀರಿ. ಗಂಟಲು ಬಿಟ್ಟು ಹಾಡಿದರೆ ಕತ್ತಿನ ನರ, ಹೊಟ್ಟೆ, ಕಣ್ಣು ಎಲ್ಲ ಸರಿಯಾಗಿ ಕಾಣುತ್ತದೆ, ಕೈಯೂ ತಾನಾಗಿ ಹೋಗುತ್ತದೆ. ದುಪ್ಪಟ್ಟು ವೇಗದ ಉಪಾಯ ಮಾಡುವುದಾದರೆ ಅದನ್ನು ಬರೀ ನಡಿಗೆಯ ಶಾಟಿಗೆ ಇಟ್ಟುಕೊಳ್ಳಿ. ಆ ವೇಗದಲ್ಲಿ ಗಂಟಲು ಬಿಟ್ಟು ಹಾಡಲು ಯಾರಿಗೂ ಆಗುವುದಿಲ್ಲ.

ಕ್ಯಾಮೆರಾ ಅವನ ಕಣ್ಣಿನ ಮಟ್ಟದಲ್ಲಿರಲಿ. ಕೆಳಗಿನಿಂದ ತೆಗೆದರೆ ಹೀರೊ ಕಾಣುತ್ತಾನೆ, ಈ ಹುಡುಗನಿಗೆ ಅದು ಒಪ್ಪುವುದಿಲ್ಲ ಅಂತ ನನಗನ್ನಿಸುತ್ತದೆ. ವೈಡ್ ಲೆನ್ಸ್ ಮುಖದ ಹತ್ತಿರ ತರಬೇಡಿ, ಮೂಗು ದೊಡ್ಡದಾಗುತ್ತದೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ 50 ಅಥವಾ 85 ಎಂಎಂ ಲೆನ್ಸ್ ಹಾಕಿ. ಹೊಗೆ ಯಂತ್ರ ಬೇಡ, ದಯವಿಟ್ಟು. ಲೆನ್ಸನ್ನು ನೇರ ನೋಡುವುದು ಇಡೀ ಹಾಡಿನಲ್ಲಿ ಒಂದೇ ಸಲ ಇರಲಿ, ಅದು ಯಾವ ಸಾಲಿನಲ್ಲಿ ಅನ್ನುವುದನ್ನು ಅವನೇ ಆರಿಸಲಿ. ಪ್ರತಿ ಟೇಕ್ ಮುಗಿದ ಮೇಲೂ ಹತ್ತು ಸೆಕೆಂಡ್ ಕ್ಯಾಮೆರಾ ಆಫ್ ಮಾಡಬೇಡಿ. ಹಾಡು ನಿಂತಿದೆ, ಯಾರೂ ಕಟ್ ಅಂದಿಲ್ಲ, ಅವನಿಗೆ ಏನು ಮಾಡಬೇಕೋ ಗೊತ್ತಿಲ್ಲ, ನಿಮ್ಮನ್ನೋ ಡ್ರಮ್ಮರನ್ನೋ ನೋಡಿ ನಗುತ್ತಾನೆ. ನನಗೆ ಕಟ್ ಕಳಿಸುವಾಗ ಆ ಹತ್ತು ಸೆಕೆಂಡುಗಳನ್ನೆಲ್ಲ ಬೇರೆ ಒಂದು ಫೈಲಿನಲ್ಲಿ ಹಾಕಿ ಕಳಿಸಿ. ನಾನು ಮೊದಲು ಅದನ್ನೇ ನೋಡುತ್ತೇನೆ.